ಪೀಡೆಗೆ ಅದರ ಪಾಲು: ನಮ್ಮ ಬಯಲುಸೀಮೆಯ ಚಳಿಗಾಲದ ಆಚರಣೆಗಳು

ಪ್ರಶ್ನೆ: ಬಲ್ಗೇರಿಯಾ ದೇಶದಲ್ಲಿ ಚಳಿಗಾಲ ಬಂತೆಂದರೆ ಗಂಡಸರು ಕುರಿ, ಮೇಕೆ ಚರ್ಮ ಹೊದ್ದು, ಸೊಂಟಕ್ಕೆ ದೊಡ್ಡ ದೊಡ್ಡ ಗಂಟೆ ಕಟ್ಟಿಕೊಂಡು, ಮುಖವಾಡ ಹಾಕಿ ಕುಣಿದು ದುಷ್ಟಶಕ್ತಿಗಳನ್ನು ಓಡಿಸುವ ವಿಡಿಯೊ ನೋಡಿದೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಚಳಿಗಾಲದಲ್ಲಿ ಇಂಥ ಆಚರಣೆಗಳು ಇದ್ದವೇ? ನಮ್ಮ ಅತ್ತೆಯವರು ಎರಡು ವರ್ಷದ ನನ್ನ ಮಗಳಿಗೆ ಅಮಾವಾಸ್ಯೆಗೊಮ್ಮೆ ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಬರುವ ಸಂಕ್ರಾಂತಿಗೆ ತಲೆಯ ಮೇಲೆ ಬಾರೆಹಣ್ಣು ಸುರಿಯಬೇಕು ಎನ್ನುತ್ತಿದ್ದಾರೆ. ಇವಕ್ಕೆಲ್ಲ ಅರ್ಥವಿದೆಯೇ? ಮುಂದುವರಿಸಬಹುದೇ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಇದ್ದವು, ಈಗಲೂ ಇವೆ. ಆದರೆ ನೀವು ವಿಡಿಯೊದಲ್ಲಿ ಕಂಡಂಥ ವೇಷಧಾರಿಗಳನ್ನು ನಮ್ಮ ಸೀಮೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮ್ಮ ಹಿರಿಯರು ಪೀಡೆಯನ್ನು ಬೆದರಿಸಿ ಓಡಿಸಿದ್ದಕ್ಕಿಂತ ಅದರ ಪಾಲನ್ನು ಅದಕ್ಕೆ ಕೊಟ್ಟು, ಊರ ಗಡಿಯವರೆಗೆ ಕಳಿಸಿಬಂದದ್ದೇ ಹೆಚ್ಚು. ಚಳಿಗಾಲದ ಮಟ್ಟಿಗೆ ಹೇಳುವುದಾದರೆ ಅವರು ಕಾಯುತ್ತಿದ್ದದ್ದು ಒಕ್ಕಣೆಯ ಕಣದಲ್ಲಿ ಬಿದ್ದ ಕಾಳಿನ ರಾಶಿಯನ್ನು, ಕೊಟ್ಟಿಗೆಯ ದನವನ್ನು ಮತ್ತು ಮನೆಯ ಮಗುವನ್ನು. ನಿಮ್ಮ ಅತ್ತೆಯವರ ಕೈಯಲ್ಲಿರುವ ಉಪ್ಪು, ಮೆಣಸಿನಕಾಯಿಯೂ ಅದೇ ಸಾಲಿಗೆ ಸೇರಿದ್ದು. ಹಾಗಾಗಿ ಮೊದಲು ಆ ಸಾಲನ್ನು ವಿವರಿಸಿ, ಕೊನೆಗೆ ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ.

ನೀವು ನೋಡಿದ್ದು ಬಹುಶಃ ಪಶ್ಚಿಮ ಬಲ್ಗೇರಿಯಾದ ಪೆರ್ನಿಕ್ ಸೀಮೆಯ ‘ಸುರೊವಾ’ ಹಬ್ಬವಿರಬೇಕು. ಅಲ್ಲಿ ಜನವರಿ 13 ಮತ್ತು 14ರಂದು, ಅಂದರೆ ಹಳೆಯ ಪಂಚಾಂಗದ ಪ್ರಕಾರ ಹೊಸ ವರ್ಷ ಕಾಲಿಡುವ ಹೊತ್ತಿಗೆ, ವೇಷಧಾರಿಗಳ ತಂಡಗಳು ಹೊರಡುತ್ತವೆ. ಯುನೆಸ್ಕೊ ಈ ಹಬ್ಬವನ್ನು 2015ರಲ್ಲಿ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ದೇಶದ ಬೇರೆ ಭಾಗಗಳಲ್ಲಿ ಇಂಥ ವೇಷಧಾರಿಗಳಿಗೆ ‘ಕುಕೇರಿ’ ಎಂದು ಹೆಸರು. ಅವರು ಹೊರಡುವುದು ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು ಆರಂಭವಾಗುವ ಸಮಯಕ್ಕೆ. ವಿಡಿಯೊಗಳಲ್ಲಿ ಗಂಟೆ, ಮುಖವಾಡಗಳೇ ಎದ್ದು ಕಾಣುವುದರಿಂದ ಒಂದು ಸಂಗತಿ ನೋಡುಗರ ಕಣ್ತಪ್ಪಿ ಹೋಗುತ್ತದೆ: ಕುಕೇರಿಗಳು ಕುಣಿತದ ನಡುವೆ ನೇಗಿಲು ಹಿಡಿದು ಉಳುವ, ಬೀಜ ಬಿತ್ತುವ ಅಭಿನಯವನ್ನೂ ಮಾಡುತ್ತಾರೆ. ಕೆಟ್ಟದ್ದನ್ನು ಹೊರಗಟ್ಟಿದ ಮೇಲೆ ನೆಲ ಬೆಳೆಗೆ ಸಿದ್ಧವಾಯಿತು ಎಂಬುದು ಅದರ ಭಾವ. ಹಂಗೇರಿಯ ಮೊಹಾಚ್ ಪಟ್ಟಣದಲ್ಲಿಯೂ ಕುರಿಚರ್ಮ ಹೊದ್ದ ವೇಷಧಾರಿಗಳ ಹಬ್ಬವಿದ್ದು, ಅದರ ಕೊನೆಯಲ್ಲಿ ಚಳಿಗಾಲದ ಹೆಸರಿನ ಶವಪೆಟ್ಟಿಗೆಯೊಂದನ್ನು ಸುಡುತ್ತಾರೆ. ಆಲ್ಪ್ಸ್ ಪರ್ವತದ ಹಳ್ಳಿಗಳಲ್ಲಿ ಡಿಸೆಂಬರ್ 25ರಿಂದ ಜನವರಿ 6ರವರೆಗಿನ ಹನ್ನೆರಡು ರಾತ್ರಿಗಳು ಅಪಾಯದ ರಾತ್ರಿಗಳೆಂಬ ನಂಬಿಕೆ ಇದೆ. ಮನೆಯ ಯಜಮಾನ ಕೆಂಡದ ಮೇಲೆ ಧೂಪ ಹಾಕಿಕೊಂಡು ಮನೆಯ ಕೋಣೆ ಕೋಣೆಗೂ, ದನದ ಕೊಟ್ಟಿಗೆಗೂ ಹೊಗೆ ತೋರಿಸಿ ಬರುತ್ತಾನೆ. ಇದನ್ನು ಓದುವಾಗ ನಮ್ಮ ಮನೆಗಳಲ್ಲಿ ಸಂಜೆ ಲೋಬಾನ ಹಾಕುವುದು ನಿಮಗೆ ನೆನಪಾಗಿರಬಹುದು. ಜಪಾನಿನಲ್ಲಿ ಫೆಬ್ರುವರಿ 3ರ ಸುಮಾರಿಗೆ, ವಸಂತ ಕಾಲಿಡುವ ಹಿಂದಿನ ದಿನ, ಹುರಿದ ಸೋಯಾ ಕಾಳನ್ನು ಬಾಗಿಲಿಂದ ಹೊರಗೆ ಎಸೆಯುತ್ತಾ ‘ಪೀಡೆ ಹೊರಗೆ, ಭಾಗ್ಯ ಒಳಗೆ’ ಎಂಬ ಅರ್ಥದ ಕೂಗು ಹಾಕುತ್ತಾರೆ.

ಇವೆಲ್ಲವೂ ಚಳಿಗಾಲದಲ್ಲಿಯೇ ಏಕೆ ಎಂಬುದಕ್ಕೆ ಆಕಾಶದಲ್ಲಿಯೇ ಅರ್ಧ ಉತ್ತರವಿದೆ. ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಡಿಸೆಂಬರ್ 21ರ ಸುಮಾರಿಗೆ ಹಗಲು ಇರುವುದು ಹೆಚ್ಚುಕಡಿಮೆ 9 ಗಂಟೆ ಮಾತ್ರ. ನೆಲ ಹೆಪ್ಪುಗಟ್ಟಿರುತ್ತದೆ, ದನ ಹೊರಗೆ ಹೋಗುವಂತಿಲ್ಲ, ಕೂಡಿಟ್ಟ ಕಾಳು ದಿನದಿನಕ್ಕೆ ಕರಗುತ್ತಿರುತ್ತದೆ. ಅದೇ ದಿನ ದಾವಣಗೆರೆಯಲ್ಲಿ ಹಗಲು 11 ಗಂಟೆ 15 ನಿಮಿಷದಷ್ಟು ಇರುತ್ತದೆ. ಕತ್ತಲಿನ ಭಯ ನಮ್ಮವರಿಗೂ ಇತ್ತು, ಕೊಳ್ಳಿದೆವ್ವದ ಕಥೆ ಕೇಳದೆ ಬೆಳೆದ ಹಳ್ಳಿಯ ಮಗು ಇರಲಾರದು. ಆದರೂ ಹೇಮಂತ ಋತು ನಮ್ಮ ಬಯಲುಸೀಮೆಗೆ ಬಡತನದ ಕಾಲವಾಗಿರಲಿಲ್ಲ. ಮುಂಗಾರಿನಲ್ಲಿ ಬಿತ್ತಿದ ಜೋಳ, ರಾಗಿ, ನವಣೆ, ಸಾವೆಗಳು ಕೊಯ್ಲಿಗೆ ಬಂದು, ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಕಣ ಸೇರುತ್ತಿದ್ದವು. ವರ್ಷವೆಲ್ಲಾ ಕಾದ ಅನ್ನ ಕಣ್ಣೆದುರಿಗೆ, ಬಯಲಿನಲ್ಲಿ, ಮುಚ್ಚಿಗೆಯಿಲ್ಲದೆ ಬಿದ್ದಿರುವ ನಾಲ್ಕಾರು ವಾರಗಳು ಅವು. ಇಲ್ಲದ್ದರ ಭಯಕ್ಕಿಂತ ಇದ್ದದ್ದು ಹೋದೀತೆಂಬ ಭಯ ಆಗ ದೊಡ್ಡದು. ನಮ್ಮ ಚಳಿಗಾಲದ ಆಚರಣೆಗಳನ್ನು ಅರ್ಥ ಮಾಡಿಕೊಳ್ಳಲು ಕಣದಿಂದಲೇ ಶುರು ಮಾಡಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ನಾನು ಬೆಳೆದದ್ದು ಜಗಳೂರು ಸೀಮೆಯ ಒಂದು ಹಳ್ಳಿಯಲ್ಲಿ. ನಮ್ಮ ಅಜ್ಜನ ಕಣ ಊರಿನ ಮೂಡಲಿಗಿತ್ತು. ನೆಲ ಕೆತ್ತಿ, ನೀರು ಚಿಮುಕಿಸಿ, ರೋಣಗಲ್ಲು ಹೊಡೆದು ಗಟ್ಟಿ ಮಾಡಿ, ಸಗಣಿ ಬಗ್ಗಡ ಸಾರಿಸಿ, ನಡುವೆ ಎತ್ತು ಕಟ್ಟುವ ಕಂಬವಾದ ಮೇಟಿ ನೆಟ್ಟ ಮೇಲೆ ಅದು ಬರೀ ನೆಲವಾಗಿ ಉಳಿಯುತ್ತಿರಲಿಲ್ಲ; ಯಾರೇ ಬಂದರೂ ಚಪ್ಪಲಿಯನ್ನು ಆಚೆಗೇ ಬಿಟ್ಟು ಬರಬೇಕಿತ್ತು. ರಾತ್ರಿಯೆಲ್ಲಾ ಹಂತಿ ಹೊಡೆದು, ಅಂದರೆ ಸಾಲು ಎತ್ತುಗಳಿಂದ ತೆನೆ ತುಳಿಸಿ, ಬೆಳಗಿನ ಗಾಳಿಗೆ ತೂರಿ, ರಾಶಿ ಮಾಡಿದ ಸಂಜೆ ಅಜ್ಜ ಒಂದು ಮೊರದಲ್ಲಿ ಒಲೆಯ ಬೂದಿ ತಂದು, ಬಗ್ಗಿಕೊಂಡು, ರಾಶಿಯ ಸುತ್ತ ಒಂದೇ ಎಳೆಯಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆ ಶುರುವಾದಲ್ಲಿಗೇ ಬಂದು ಕೂಡುವವರೆಗೆ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಆಮೇಲೆ ರಾಶಿಯ ನೆತ್ತಿಗೆ ಕುಡುಗೋಲು ಸಿಕ್ಕಿಸಿ, ಸಗಣಿಯ ಬೆನಕ ಮಾಡಿ ಗರಿಕೆ ಚುಚ್ಚಿ ಇಟ್ಟು, ಕೈಮುಗಿಯುತ್ತಿದ್ದರು. ಅಳೆಯುವ ಹೊತ್ತಿನ ಒಂದು ಘಟನೆ ನನಗೆ ಈಗಲೂ ಚೆನ್ನಾಗಿ ನೆನಪಿದೆ. ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸಿ, ಮುಂದಕ್ಕೆ ಎರಡು, ಮೂರು ಎಂದು ಸಾಗುವುದು ನಮ್ಮ ಪದ್ಧತಿ. ಆರೇಳು ವರ್ಷದವನಾಗಿದ್ದ ನಾನು ನಡುವೆ ಬಾಯಿ ಹಾಕಿ, ‘ಎಷ್ಟಾತಜ್ಜ?’ ಎಂದು ಕೇಳಿಬಿಟ್ಟೆ. ಅಜ್ಜ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಳತೆ ಮುಗಿದು, ಚೀಲದ ಬಾಯಿ ಹೊಲಿದ ಮೇಲೆ ಹತ್ತಿರ ಕರೆದು, ‘ರಾಶಿ ಮುಂದೆ ಲೆಕ್ಕ ಕೇಳಬಾರದು ಮಗ, ಕೇಳಿಸ್ಕಳೋರು ಬ್ಯಾರೆ ಇರ್ತಾರೆ’ ಎಂದರು.

ಆ ‘ಬೇರೆಯವರು’ ಯಾರು ಎಂದು ಹಳ್ಳಿಯ ಹಿರಿಯರನ್ನು ಕೇಳಿದರೆ ಭೂತ ಎನ್ನುತ್ತಾರೆ, ಗಾಳಿ ಎನ್ನುತ್ತಾರೆ, ಕೆಟ್ಟ ಕಣ್ಣು ಎನ್ನುತ್ತಾರೆ. ಕಾಯದೆ ಬಿಟ್ಟ ರಾಶಿಯನ್ನು ಅವು ರಾತ್ರೋರಾತ್ರಿ ಕರಗಿಸುತ್ತವೆ, ಅಳತೆಯಲ್ಲಿ ಕಾಳು ಕಮ್ಮಿಯಾಗುತ್ತದೆ ಎಂಬುದು ನಂಬಿಕೆ. ಬೂದಿಯ ಗೆರೆ ಇರುವೆಗೆ ಅಡ್ಡಿಯಾಗುತ್ತದೆ, ಕಾಳಿಗೆ ಕೈ ಹಾಕಿದವರ ಹೆಜ್ಜೆಯನ್ನು ಬೆಳಿಗ್ಗೆ ತೋರಿಸಿಕೊಡುತ್ತದೆ ಎಂಬ ಪ್ರಯೋಜನಗಳೂ ನಿಜವೇ. ಆದರೆ ನಮ್ಮ ಅಜ್ಜ ಗೆರೆ ಎಳೆದದ್ದು ಇರುವೆಗಾಗಿ ಎಂದು ಹೇಳಿದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಈಚೆಗೆ ಎಲ್ಲ ಆಚರಣೆಗೂ ಒಂದೊಂದು ‘ವೈಜ್ಞಾನಿಕ ಕಾರಣ’ ಹುಡುಕಿ ಅಂಟಿಸುವ ರೂಢಿ ಬೆಳೆದಿದೆ. ಅದರಿಂದ ವಿಜ್ಞಾನಕ್ಕೂ ಗೌರವ ಬರುವುದಿಲ್ಲ, ಆಚರಣೆಯೂ ಅರ್ಥವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಣದ ಆಚರಣೆಯ ಇನ್ನೊಂದು ಮುಖವನ್ನು ಇಲ್ಲಿಯೇ ಹೇಳಬೇಕು. ರಾಶಿ ಮನೆಗೆ ಹೋಗುವ ಮುಂಚೆ ಕಣದಲ್ಲಿಯೇ ಕೊಡುವುದು ಬಹಳ ಇರುತ್ತಿತ್ತು. ದೇವರ ಹೆಸರಿನ ಮೊರ, ಬಡಿಗೇರ, ಕಮ್ಮಾರ, ಕುಂಬಾರ, ಅಗಸ ಮೊದಲಾದ, ಊರಿನ ಕೆಲಸಕ್ಕೆ ಕಾಳನ್ನೇ ಕೂಲಿಯಾಗಿ ಪಡೆಯುವ ಆಯಗಾರರ ಪಾಲು, ಕಂಬಳಿ ಹೊದ್ದು ಡಮರುಗ ಹಿಡಿದು ಬಂದ ಗೊರವಪ್ಪನ ಪಾಲು, ಬುಡಬುಡಿಕೆಯವರ ಪಾಲು, ಹಕ್ಕಿಗೆಂದು ಬಿಟ್ಟ ಕಾಳು. ಕೊಡದೆ ಒಯ್ದ ರಾಶಿ ಹುಲುಸಾಗುವುದಿಲ್ಲ ಎಂಬ ಮಾತಿತ್ತು. ಕಣ್ಣಿಗೆ ಕಾಣುವವರಿಗೆ ಕೊಟ್ಟಂತೆಯೇ ಕಾಣದವರಿಗೂ ಒಂದಿಷ್ಟು ಕೊಟ್ಟು ಒಪ್ಪಿಸುವುದು ಆ ವ್ಯವಸ್ಥೆಯ ಮುಂದುವರಿಕೆಯೇ ಆಗಿತ್ತು. ಈಗ ದಾವಣಗೆರೆ ಜಿಲ್ಲೆಯ ಬಯಲಿನಲ್ಲಿ ಮೆಕ್ಕೆಜೋಳವೇ ತುಂಬಿಕೊಂಡಿದೆ, ಒಕ್ಕಣೆ ಯಂತ್ರ ಹೊಲಕ್ಕೇ ಬರುತ್ತದೆ, ಕಾಳನ್ನು ಡಾಂಬರು ರಸ್ತೆಯ ಮೇಲೆ ಒಣಗಿಸುತ್ತಾರೆ. ಮೇಟಿ, ಹಂತಿ, ಲಾಭದ ಎಣಿಕೆ ಇವು ಹೋಗಿವೆ. ಆದರೆ ಟ್ರ್ಯಾಕ್ಟರಿನ ಮುಂಭಾಗಕ್ಕೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ಮಾತ್ರ ಉಳಿದುಕೊಂಡಿದೆ.

ದನಕರುಗಳ ವಿಷಯಕ್ಕೆ ಬಂದರೆ, ಚಳಿ ಇನ್ನೂ ಎಳೆಯದಾಗಿರುವ ದೀಪಾವಳಿಯಲ್ಲಿಯೇ ಕಾವಲು ಶುರುವಾಗುತ್ತದೆ. ನಮ್ಮ ಕಡೆ ಹಲವು ಊರುಗಳಲ್ಲಿ ಹಟ್ಟಿ ಹಬ್ಬವೆಂದು ಕರೆಯುವ ಬಲಿಪಾಡ್ಯಮಿಯ ದಿನ ಸಗಣಿಯ ಗೊಂಬೆಗಳನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸಿ ಬಾಗಿಲ ಇಕ್ಕೆಲದಲ್ಲಿ ಇಡುತ್ತಾರೆ. ಸಂಜೆ ಹುಡುಗರು ಒಣ ಕಡ್ಡಿಗಳ ಪಂಜು ಹಚ್ಚಿಕೊಂಡು ‘ಆಣಿ ಪೀಣಿ’ ಎಂದು ಕೂಗುತ್ತಾ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ, ದನಗಳಿಗೆ ಬೆಂಕಿಯ ಬೆಳಕು ತೋರಿಸುತ್ತಾರೆ. ದನದ ಪೀಡೆ ಹೊಳೆಯಾಚೆ ಹೋಗಲಿ ಎಂಬುದು ಆ ಕೂಗಿನ ತಿರುಳು. ಹೊಳೆಯಾಚೆ ಎಂಬ ಮಾತನ್ನು ಗಮನಿಸಿ. ಪೀಡೆಯನ್ನು ಸುಡುವ, ಕೊಲ್ಲುವ ಮಾತು ಅಲ್ಲಿಲ್ಲ, ದಾಟಿಸುವ ಮಾತಿದೆ. ಮಂಡ್ಯ, ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ಹುಲ್ಲಿಗೆ ಬೆಂಕಿ ಹಚ್ಚಿ ದನಗಳನ್ನು ಅದರ ಮೇಲೆ ಹಾಯಿಸುವ ಕಿಚ್ಚು ನಿಮಗೆ ಗೊತ್ತೇ ಇದೆ. ಬೆಂಕಿಯ ಝಳಕ್ಕೆ ಉಣ್ಣಿ, ಚಿಗಟ ಉದುರುತ್ತವೆ ಎಂದು ಅದಕ್ಕೆ ವಿವರಣೆ ಕೊಡುವುದುಂಟು. ಬೆದರಿದ ಹಸು ಕೆಂಡದಲ್ಲಿ ಮುಗ್ಗರಿಸಿದರೆ ಆಗುವ ಸುಟ್ಟ ಗಾಯ ಮಾತ್ರ ಯಾವ ವಿವರಣೆಯಿಂದಲೂ ಮಾಯುವುದಿಲ್ಲ. ಪಂಜಿನ ಬೆಳಕು ತೋರಿಸುವ ನಮ್ಮ ಕಡೆಯ ಕ್ರಮವೇ ದನಕ್ಕೆ ಹಿತವಾದದ್ದು ಎಂದು ನನಗನ್ನಿಸುತ್ತದೆ.

ಈಗ ಚರಗಕ್ಕೆ ಬರೋಣ. ಪೈರು ಕಾಳುಗಟ್ಟುವ ಹೊತ್ತಿನ ಸೀಗಿ ಹುಣ್ಣಿಮೆಯಲ್ಲಿ ಹೊಲಕ್ಕೆ ಬುತ್ತಿ ಒಯ್ದು, ಪೂಜೆ ಮಾಡಿ, ಅಡುಗೆಯ ಒಂದು ಪಾಲನ್ನು ಹೊಲದ ಸುತ್ತ ಎರಚುತ್ತಾ ಹೋಗುವುದನ್ನು ಚರಗ ಚೆಲ್ಲುವುದು ಎನ್ನುತ್ತೇವೆ. ಕಲಬುರಗಿ, ವಿಜಯಪುರದ ಕಡೆ ಹಿಂಗಾರಿ ಬೆಳೆ ಹೆಚ್ಚಾದ್ದರಿಂದ ಅದೇ ಚರಗ ಎಳ್ಳು ಅಮಾವಾಸ್ಯೆಗೆ, ಅಂದರೆ ಡಿಸೆಂಬರ್ ಕೊನೆ ಅಥವಾ ಜನವರಿಯ ಚಳಿಗೆ ಬರುತ್ತದೆ. ಒಬ್ಬರು ಎರಚುತ್ತಾ ಮುಂದೆ ನಡೆದರೆ, ಹಿಂದಿನವರು ನೀರು ಚಿಮುಕಿಸುತ್ತಾ ಕೂಗು ಕೊಡುತ್ತಾರೆ. ಕೂಗು ಊರಿಂದ ಊರಿಗೆ ಬೇರೆ; ‘ಹುಲಿಗೋ’ ಎನ್ನುವವರಿದ್ದಾರೆ, ‘ಹುಲುಸೋ’ ಎನ್ನುವವರಿದ್ದಾರೆ. ಇದು ಭೂತಾಯಿಯ ಬಸುರಿ ಬಯಕೆ ತೀರಿಸುವ ಊಟವೆಂದು ಹೆಂಗಸರು ಹೇಳುತ್ತಾರೆ, ಹೊಲದ ಬದುವಿನಲ್ಲಿರುವ ಭೂತ, ಪಿಶಾಚಿಗಳಿಗೆ ಹಾಕುವ ಪಾಲೆಂದು ಗಂಡಸರು ಹೇಳುತ್ತಾರೆ. ನಾನು ಕೇಳಿದ ಮಟ್ಟಿಗೆ ಈ ಎರಡು ಮಾತುಗಳ ನಡುವೆ ಜಗಳವೇನೂ ಇಲ್ಲ.

ಹೊಲದ ಚರಗ ಊರಿಗೆ ಹಿಗ್ಗಿದರೆ ಊರಮ್ಮನ ಹಬ್ಬದ ಚರಗವಾಗುತ್ತದೆ. ನಿಮ್ಮ ಊರಿನಲ್ಲಿಯೇ, ಚಳಿ ಇಳಿಯುತ್ತಾ ಬರುವ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ದೇವಿಯ ಜಾತ್ರೆಯಲ್ಲಿ ಊರ ಸುತ್ತ ಚರಗ ಚೆಲ್ಲುವುದನ್ನು ನೀವು ನೋಡಿರಬಹುದು ಅಥವಾ ಆ ರಾತ್ರಿ ಹೊರಗೆ ಬರಬಾರದೆಂದು ಹಿರಿಯರು ಹೇಳಿದ್ದನ್ನಾದರೂ ಕೇಳಿರುತ್ತೀರಿ. ಗ್ರಾಮದೇವತೆಗಳ ಹಬ್ಬಗಳಲ್ಲಿ ಹಿಂದೆ ಬಲಿಯ ರಕ್ತ ಬೆರೆಸಿದ ಕಾಳು, ಅನ್ನವನ್ನೇ ಎರಚುತ್ತಿದ್ದರು. ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 1959ರಿಂದಲೇ ಇದೆ. ಚರಗದ ಉದ್ದೇಶ ಊರ ಗಡಿಯುದ್ದಕ್ಕೂ ಉಣಿಸುತ್ತಾ ಒಂದು ಸುತ್ತು ಹಾಕುವುದು. ಅಜ್ಜ ರಾಶಿಯ ಸುತ್ತ ಬೂದಿಯಿಂದ ಎಳೆದ ಗೆರೆಯನ್ನೇ ಇಲ್ಲಿ ಇಡೀ ಊರು ಅನ್ನದಿಂದ ಎಳೆಯುತ್ತದೆ.

ಊರ ಪೀಡೆಯನ್ನು ಕಳೆಯುವ ದೊಡ್ಡ ಆಚರಣೆಗಳು ನಮ್ಮಲ್ಲಿ ಚಳಿಗಾಲಕ್ಕೇ ಸೇರಿದವಲ್ಲ ಎಂಬುದನ್ನೂ ಹೇಳಬೇಕು. ಕಾಲರಾ, ಸಿಡುಬಿನಂಥ ರೋಗಗಳು ಬೇಸಿಗೆ, ಮಳೆಗಾಲಗಳ ಸಂದಿಯಲ್ಲಿ ಕಾಡುತ್ತಿದ್ದ ಸೀಮೆ ಇದು. ಹಾಗಾಗಿ ಮೊರದಲ್ಲಿ ಹೋಳಿಗೆ, ಬೇವಿನ ಸೊಪ್ಪು, ಬಳೆ, ಹಳೆಯ ಪೊರಕೆ ಇಟ್ಟು ಊರಾಚೆಗೆ ಬಿಟ್ಟುಬರುವ ಅಜ್ಜಿ ಹಬ್ಬ ಬರುವುದು ಆಷಾಢದಲ್ಲಿ. ಊರಿಗೆ ಊರೇ ಸೂರ್ಯ ಹುಟ್ಟುವ ಮುಂಚೆ ಮನೆಗಳಿಗೆ ಬೀಗ ಹಾಕಿ, ದನಕರು ಹೊಡೆದುಕೊಂಡು, ದಾರಿಗೆ ಮುಳ್ಳು ಹಚ್ಚಿ ಹೊಲಗಳಲ್ಲಿ ದಿನ ಕಳೆದು ಸಂಜೆ ಮರಳುವ ‘ಹೊರಬೀಡು’ ಆಚರಣೆಗೂ ಎಲ್ಲ ಊರಿಗೆ ಒಂದೇ ತಿಥಿಯಿಲ್ಲ. ಆ ಒಂದು ಹಗಲು ಊರೊಳಗೆ ಒಲೆ ಹೊತ್ತುವುದಿಲ್ಲ, ಕಸ ಗುಡಿಸುವುದಿಲ್ಲ. ಪೀಡೆಯನ್ನು ಹೊರಗಟ್ಟುವ ಬದಲು ಮನುಷ್ಯರೇ ಹೊರಗೆ ಹೋಗಿ, ಅದಕ್ಕೆ ಊರನ್ನೇ ಒಂದು ದಿನದ ಮಟ್ಟಿಗೆ ಬಿಟ್ಟುಕೊಡುವ ಈ ಔದಾರ್ಯವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಮುಳ್ಳಿನ ಮಾತು ಬಂದದ್ದರಿಂದ ಚಳ್ಳಕೆರೆ ತಾಲೂಕನ್ನೂ ನೆನೆಯಬೇಕು. ಅಲ್ಲಿ ಕಾಡುಗೊಲ್ಲರು ತಮ್ಮ ದೈವ ಕ್ಯಾತಪ್ಪನ ಪರಿಷೆಗೆ ಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ, ಯುವಕರು ಬರಿಗಾಲಿನಲ್ಲಿ ಅದನ್ನು ಹತ್ತಿ ಕಳಶ ತರುತ್ತಾರೆ. ಕುರಿ ಕಾಯುವವರಿಗೆ ಮುಳ್ಳಿನ ಬೇಲಿಯೇ ಕೋಟೆ. ತೋಳವನ್ನು ತಡೆದ ಮುಳ್ಳು ಬೇರೆ ಕೇಡುಗಳನ್ನೂ ತಡೆದೀತೆಂಬ ಭಾವ ಅವರ ಹಟ್ಟಿಗಳಲ್ಲಿ ಸಹಜವಾಗಿ ಬೆಳೆದಿದೆ.

ಬಲ್ಗೇರಿಯಾದ ಗದ್ದಲಕ್ಕೆ ಹತ್ತಿರವಾದದ್ದು ನಮ್ಮಲ್ಲಿ ಒಂದಿದ್ದರೆ ಅದು ಶಿಶಿರ ಋತುವಿನ ಕೊನೆಯ ಕಾಮದಹನ. ಹಲಗೆ ಬಡಿಯುವುದು, ಬಾಯಿ ಬಡಿದುಕೊಂಡು ಕೂಗುವುದು, ಕಟ್ಟಿಗೆ ಕದ್ದು ತರುವುದು, ಬೈಗುಳಕ್ಕೂ ಆ ಒಂದು ರಾತ್ರಿ ಮಾಫಿ. ಮಕ್ಕಳನ್ನು ಕಾಡುತ್ತಿದ್ದ ಢುಂಢಿ ಎಂಬ ರಾಕ್ಷಸಿಯನ್ನು ಮಕ್ಕಳೇ ಗದ್ದಲ, ನಗು, ಬೈಗುಳಗಳಿಂದ ಓಡಿಸಿದರೆಂಬ ಪುರಾಣ ಕಥೆ ಈ ಹಬ್ಬಕ್ಕಿದೆ. ದಾವಣಗೆರೆಯಲ್ಲಿ ಮರುದಿನದ ಬಣ್ಣದ ಅಬ್ಬರದಲ್ಲಿ ಈ ಕಥೆ ಮರೆತುಹೋಗಿದೆ. ಆದರೂ ಕಾಮನ ಬೆಂಕಿಯ ಕೆಂಡವನ್ನು ಮನೆಗೆ ತಂದು ಒಲೆ ಹೊತ್ತಿಸುವ, ಕಡಲೆ ಹುರಿಯುವ ಪದ್ಧತಿಯನ್ನು ಹಳ್ಳಿಗಳಲ್ಲಿ ಬಲ್ಲವರಿದ್ದಾರೆ.

ಇನ್ನು ನಿಮ್ಮ ಮನೆಯ ವಿಷಯ. ಸಂಕ್ರಾಂತಿಗೆ ಮಗುವಿನ ತಲೆಯ ಮೇಲೆ ಬಾರೆಹಣ್ಣು ಸುರಿಯುವುದು ಒಂಟಿ ಆಚರಣೆಯಲ್ಲ. ಮೈಸೂರು ಕಡೆ ಇದನ್ನು ಎಲಚಿಹಣ್ಣು ಎರೆಯುವುದು ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಕರಿ ಎರೆಯುವುದು ಎನ್ನುತ್ತಾರೆ, ಆಂಧ್ರದಲ್ಲಿ ಸಂಕ್ರಾಂತಿಯ ಹಿಂದಿನ ದಿನ ‘ಭೋಗಿ ಪಳ್ಳು’ ಎಂದು, ಮಹಾರಾಷ್ಟ್ರದಲ್ಲಿ ‘ಬೋರ್ ನಹಾಣ್’ ಎಂದು ಮಾಡುತ್ತಾರೆ. ನಮ್ಮ ಎರಡೂ ಜಿಲ್ಲೆಗಳು ಈ ಸೀಮೆಗಳು ಕೂಡುವ ದಾರಿಯಲ್ಲಿವೆ. ಮೊಳಕಾಲ್ಮುರಿನ ಮನೆಯಲ್ಲಿ ತೆಲುಗಿನ ರೀತಿ, ಹರಿಹರದ ಮನೆಯಲ್ಲಿ ಬಡಗಣ ರೀತಿ ಕಂಡರೆ ಅಚ್ಚರಿಪಡಬೇಕಾಗಿಲ್ಲ. ಬಾರೆಹಣ್ಣು, ಕಬ್ಬಿನ ಚೂರು, ಎಳ್ಳು, ಚಿಲ್ಲರೆ ಕಾಸು ಇವನ್ನು ಬೆರೆಸಿ, ಹಸೆಯ ಮೇಲೆ ಕೂರಿಸಿದ ಮಗುವಿನ ನೆತ್ತಿಯ ಮೇಲಿಂದ ಮುತ್ತೈದೆಯರು ಸುರಿಯುತ್ತಾರೆ. ಸುತ್ತ ನಿಂತ ಕೇರಿಯ ಮಕ್ಕಳು ಅದನ್ನು ಆಯ್ದುಕೊಂಡು ಹೋಗುತ್ತಾರೆ. ಮಗುವಿಗೆ ತಾಗಿದ ದೃಷ್ಟಿ ಹಣ್ಣಿನೊಡನೆ ಜಾರಿ, ನಾಲ್ಕು ಕಡೆ ಚದುರಿ ಹೋಗಲಿ ಎಂಬುದು ಆಶಯ. ಇಲ್ಲಿಯೂ ಕಣದ ತರ್ಕವೇ ಇದೆ: ಮನೆಯ ಭಾಗ್ಯವನ್ನು ನಾಲ್ಕು ಜನರ ಉಡಿಗೆ ಹಾಕಿದರೆ ಅದರ ಮೇಲಿನ ಕಣ್ಣು ಇಳಿಯುತ್ತದೆ. ಇದನ್ನು ಖಂಡಿತ ಮಾಡಿ. ಮಗಳಿಗೆ ಎರಡೇ ವರ್ಷವಾದ್ದರಿಂದ ಬಾರೆಬೀಜ ಮತ್ತು ನಾಣ್ಯಗಳ ಮೇಲೆ ಕಣ್ಣಿಡಿ. ಆ ವಯಸ್ಸಿನಲ್ಲಿ ಸಿಕ್ಕಿದ್ದು ನೇರ ಬಾಯಿಗೆ ಹೋಗುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ನಾಣ್ಯದ ಬದಲು ಹೂವಿನ ಎಸಳು ಹಾಕಬಹುದು, ಸುರಿದು ಮುಗಿದ ಕೂಡಲೇ ಮಗುವನ್ನು ಎತ್ತಿಕೊಂಡು ಹಸೆ ಕೊಡವಬೇಕು.

ಉಪ್ಪು, ಮೆಣಸಿನಕಾಯಿ ನಿವಾಳಿಸುವುದರ ಬಗ್ಗೆ ಎರಡು ಮಾತು ಬೇರೆ ಬೇರೆಯಾಗಿ ಹೇಳಬೇಕು. ಮಗುವನ್ನು ಮೂಡಲಿಗೆ ಮುಖ ಮಾಡಿ ಕೂರಿಸಿ, ಮುಷ್ಟಿಯನ್ನು ತಲೆಯಿಂದ ಕಾಲಿನವರೆಗೆ ಮೂರು ಸುತ್ತು ಇಳಿಸಿ, ನಾಯಿ ಕಣ್ಣು, ನರಿ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು ಎಂದು ಹೇಳುತ್ತಾ ಒಲೆಗೆ ಹಾಕುವ ಅಜ್ಜಿಯ ಕೈಯಲ್ಲಿ ಇರುವುದು ಕಾಳಜಿ. ರಾತ್ರಿ ಕಾರಣವಿಲ್ಲದೆ ಅಳುವ ಮಗುವಿನ ಎದುರು ತಾನೂ ಏನಾದರೂ ಮಾಡಬಲ್ಲೆ ಎಂಬ ಸಮಾಧಾನವನ್ನು ಅದು ಅವರಿಗೆ ಕೊಡುತ್ತದೆ. ಅದನ್ನು ತಡೆಯಲು ಹೋಗಬೇಡಿ. ಆದರೆ ಘಾಟು ಬಾರದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂಬ ಲೆಕ್ಕಾಚಾರವನ್ನು ನಂಬಬೇಡಿ. ಘಾಟು ಬರುವುದೂ ಬಿಡುವುದೂ ಬೆಂಕಿಯ ಉರಿ ಎಷ್ಟಿದೆ, ಕಾಯಿ ಎಷ್ಟು ಖಾರ ಎಂಬುದರ ಮೇಲಿದೆ. ಮೆಣಸಿನಕಾಯಿಯ ಹೊಗೆ ಎಳೆಯ ಮಗುವಿನ ಶ್ವಾಸಕ್ಕೆ ಒಳ್ಳೆಯದಲ್ಲ. ಅದರಲ್ಲೂ ಬಾಗಿಲು ಮುಚ್ಚಿಕೊಂಡ ಚಳಿಗಾಲದ ಅಡುಗೆಮನೆಯಲ್ಲಿ ಕೆಮ್ಮು, ಉಬ್ಬಸ ಹತ್ತಿಬಿಡಬಹುದು. ನಿವಾಳಿಸಿದ ಮೇಲೆ ಬೆಂಕಿಗೆ ಹಾಕುವ ಕೆಲಸವನ್ನು ಹಿತ್ತಲಿನಲ್ಲಿ ಮಾಡಲಿ, ಅಥವಾ ನೀರಿಗೆ ಬಿಡಲಿ. ಉಪ್ಪನ್ನು ನೀರಿಗೆ ಬಿಟ್ಟು ದೃಷ್ಟಿ ತೆಗೆಯುವ ಕ್ರಮವೂ ನಮ್ಮಲ್ಲಿ ಹಳೆಯದೇ ಆದ್ದರಿಂದ ಅತ್ತೆಯವರು ಒಪ್ಪುತ್ತಾರೆಂದು ನಂಬಿದ್ದೇನೆ. ಜ್ವರವೋ, ಊಟ ಬಿಟ್ಟದ್ದೋ ಕಂಡರೆ ನಿವಾಳಿಸಿ ಕಾಯುತ್ತಾ ಕೂರದೆ ಅಂದೇ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಆಚರಣೆ ಎಲ್ಲಿ ನಿಲ್ಲಬೇಕೆಂಬ ಈ ಗೆರೆಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ‘ಮೆಟ್ಟಿಕೊಂಡಿದೆ’, ‘ಗಾಳಿ ಬಡಿದಿದೆ’ ಎಂದು ಮನುಷ್ಯರನ್ನೇ ಕಟ್ಟಿ ಹೊಡೆಯುವ, ಮೆಣಸಿನಕಾಯಿ ಹೊಗೆ ಹಾಕುವ ಕ್ರೌರ್ಯ ನಮ್ಮ ನಾಡಿನಲ್ಲಿ ನಡೆದಿದೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಕರ್ನಾಟಕದ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದ್ದು, ದೆವ್ವ ಬಿಡಿಸುವ ನೆಪದ ಇಂಥ ಹಿಂಸೆಗೆ 7 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಬಾಣಂತಿಯನ್ನು, ಮುಟ್ಟಾದ ಹೆಣ್ಣುಮಗಳನ್ನು ಸೂತಕದ ಹೆಸರಿನಲ್ಲಿ ಊರಾಚೆಯ ಗುಡಿಸಲಿನಲ್ಲಿ ಇರಿಸುವುದೂ ಅದೇ ಕಾಯ್ದೆಯಡಿ ಅಪರಾಧ. 2023ರಲ್ಲಿ ತುಮಕೂರು ತಾಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿರಿಸಿದ್ದ ಹಸುಗೂಸು ತೀರಿಕೊಂಡಾಗ ನಾನು ಅನೇಕ ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಕೇಡನ್ನು ಹೊರಗಿಡಲೆಂದು ಹುಟ್ಟಿದ ಗೆರೆ ಮಗುವನ್ನೇ ಹೊರಗಿಟ್ಟಿತು. ಮನೆಯ ಪೂಜೆ, ಹಬ್ಬ, ಬಾರೆಹಣ್ಣಿನ ಶಾಸ್ತ್ರಕ್ಕೆ ಈ ಕಾಯ್ದೆ ಅಡ್ಡಿಯಲ್ಲ.

ಅಮಾವಾಸ್ಯೆಯ ದಿನ ನಿಮ್ಮ ಊರಿನ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಅಂಗಡಿಗಳ ಮುಂದೆ ಒಡೆಯುವ ಬೂದುಗುಂಬಳದ ಬಗ್ಗೆಯೂ ಒಂದು ಮಾತು: ಒಡೆದ ಹೋಳನ್ನು ರಸ್ತೆಯ ಅಂಚಿಗೆ ಸರಿಸದೆ ಬಿಟ್ಟರೆ ರಾತ್ರಿ ಬೈಕಿನವರು ಜಾರಿ ಬೀಳುತ್ತಾರೆ.

1990ರ ದಶಕದಲ್ಲಿ ಕರ್ನಾಟಕದ ಊರೂರಿನ ಬಾಗಿಲುಗಳ ಮೇಲೆ ಕಾಣಿಸಿದ ‘ನಾಳೆ ಬಾ’ ಎಂಬ ಬರಹ ನಿಮ್ಮ ಬಾಲ್ಯದಲ್ಲಿ ನೋಡಿದ ನೆನಪಿದೆಯೇ? ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮರುರಾತ್ರಿ ಬಂದರೂ ಅದೇ ಬರಹ ಕಾಣುತ್ತದೆ ಎಂಬುದು ಆಗಿನ ನಂಬಿಕೆ. ಅದು ವದಂತಿಯಿಂದ ಹಬ್ಬಿದ್ದು, ಶಾಸ್ತ್ರವೇನೂ ಇರಲಿಲ್ಲ. ಆದರೆ ಗಂಟೆ ಬಾರಿಸದೆ, ಕೋಲು ಎತ್ತದೆ, ಬಂದದ್ದನ್ನು ಮರ್ಯಾದೆಯಾಗಿಯೇ ಕಳಿಸುವ ನಮ್ಮ ಜನರ ಹಳೆಯ ರೀತಿ ಅದರಲ್ಲಿಯೂ ಇತ್ತು.

ನಿಮ್ಮಲ್ಲಿ ಒಂದು ಕೋರಿಕೆ. ನಿವಾಳಿಸುವಾಗ ಅತ್ತೆಯವರು ಯಾರು ಯಾರ ಕಣ್ಣನ್ನು ಹೆಸರಿಸುತ್ತಾರೆ, ಯಾವ ಮಾತಿನಿಂದ ಮುಗಿಸುತ್ತಾರೆ ಎಂಬುದನ್ನು ಮುಂದಿನ ಅಮಾವಾಸ್ಯೆಗೆ ಹತ್ತಿರ ಕೂತು ಕೇಳಿ, ಅವರು ಹೇಳಿದ ಹಾಗೆಯೇ, ತಿದ್ದದೆ ಬರೆದಿಡಿ. ಅವರ ತವರು ಯಾವುದೆಂಬುದನ್ನೂ ಪಕ್ಕದಲ್ಲಿ ಗುರುತು ಮಾಡಿಕೊಳ್ಳಿ. ಈ ಮಾತುಗಳು ತವರಿನಿಂದ ಗಂಡನ ಮನೆಗೆ ಬರುವಂಥವು, ಹತ್ತು ಮೈಲಿಗೊಮ್ಮೆ ಬದಲಾಗುತ್ತವೆ.